ಕವುಚಿ ತೂಗುಹಾಕಿದ ದೋಣಿ

ಮುಂಬೈಯ ಆ ಆಧುನಿಕ ಕಲೆಯ ಮ್ಯೂಸಿಯಮ್ಮಿಗೆ ಅಮ್ಮನನ್ನು ಕರೆದುಕೊಂಡು ಹೋದವಳು ನಾನೇ. ಮದುವೆಯಾಗಿ ನಾನು ಆ ಊರು ಸೇರಿದ್ದೆ. ನನ್ನನ್ನು ನೋಡಲು ಕಡಲಂಚಿನ ನಮ್ಮೂರು ಕಿರಿಮಂಜೇಶ್ವರದಿಂದ ಬಂದ ಅಮ್ಮನಿಗೆ ಸೆಕೆ ತಡೆಯುತ್ತಿರಲಿಲ್ಲ. ಒಳಗೆ ಎ.ಸಿ. ಇದೆ, ತಂಪಾಗಿ ತಿರುಗಾಡಬಹುದು ಅಂತ ನನ್ನ ಲೆಕ್ಕಾಚಾರ. ಬುದ್ಧಿವಂತೆ ನೋಡಿ!

ಮೊದಲ ಕೋಣೆಯ ಗೋಡೆಯಲ್ಲಿ ಬರೀ ಕಪ್ಪು ಬಳಿದ ದೊಡ್ಡ ಚಿತ್ರ. "ಇದೆಂತ, ಬಾಣ್ಲಿ ಅಡಿ ಇದ್ದಂಗ್ ಇತ್ತಲೆ," ಅಂದಳು ಅಮ್ಮ. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಪಕ್ಕದ ಕೋಣೆ ಕತ್ತಲು. ಎಲ್ಲಿಂದಲೋ ಅಲೆಯ ಸದ್ದು ಬಿಟ್ಟಿದ್ದರು. ತಲೆಯೆತ್ತಿದರೆ, ಮೀನು ಹಿಡಿಯುವ ನಿಜವಾದ ದೋಣಿಯೊಂದನ್ನು ಚಾವಣಿಯಿಂದ ಕವುಚಿ ತೂಗುಹಾಕಿದ್ದರು.

ನಮ್ಮ ಅಪ್ಪನ ದೋಣಿ ಹಿಂದೊಮ್ಮೆ ಹೀಗೇ ಮಗುಚಿಕೊಂಡು ದಡಕ್ಕೆ ಬಂದಿತ್ತು, ಅಪ್ಪ ಬರಲಿಲ್ಲ. ಅಂದಿನಿಂದ, ನನ್ನ ತಮ್ಮ ಕಡಲಿಗೆ ಇಳಿದ ದಿನ ನಮ್ಮ ಮನೆಯಲ್ಲಿ ತೊಳೆದ ಚೆಂಬನ್ನೂ ಕವುಚಿ ಇಡುವಂತಿಲ್ಲ. ಆವತ್ತೂ ತಮ್ಮ ಕಡಲಲ್ಲಿದ್ದ.

ಅಮ್ಮ ಅಲ್ಲಿದ್ದ ಕಾವಲುಗಾರನ ತೋಳು ಹಿಡಿದೇಬಿಟ್ಟಳು. "ಹ್ವಾಯ್, ಅದನ್ ತಿರ್ಗ್ಸಿ ಹಾಕಿ! ನನ್ ಮಗ ಕಡಲಗೆ ಇದ್ದ!"

ಪಾಪ, ಅವನಿಗೆ ಕನ್ನಡ ಬಾರದು. ಮುಟ್ಟಬೇಡಿ, ಹೊರಗೆ ಹೋಗಿ ಅಂತ ಹಿಂದಿಯಲ್ಲಿ ಗದರಿದ. ನಾನೂ ಅಮ್ಮನನ್ನೇ ಗದರಿದೆ. "ಅದ್ ಬರೀ ಚೆಂದಕ್ಕೆ ಕಟ್ಟಿದ್ ಅಮ್ಮಾ, ಸುಮ್ನೆ ಹೆದ್ರ್ಬೇಡ." ಬಾಯಿ ಏನೋ ಜೋರಾಗಿತ್ತು, ಕಾಲು ಮಾತ್ರ ಆಗಲೇ ಬಾಗಿಲ ಕಡೆ ಹೊರಟಿತ್ತು.

ಅಮ್ಮನನ್ನು ಎಳೆದುಕೊಂಡು ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಓಡಿ, ಊರಲ್ಲಿ ನಮ್ಮ ಮನೆಯ ಪಕ್ಕದ ಅಂಗಡಿಗೆ ಫೋನ್ ಹಚ್ಚಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ದೇವರೇ, ಅಂಗಡಿಯವರೆಲ್ಲ ಕಡಲಕರೆಗೆ ಓಡಿರಬೇಕು ಅಂದುಕೊಂಡೆ. ಹಾಗೆ ಎಲ್ಲರೂ ಓಡುವುದು ಯಾವಾಗ ಅಂತ ನನಗೆ ಗೊತ್ತು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ಹಚ್ಚಿದೆ.

ಕೊನೆಗೆ ಅಂಗಡಿಯವನು ಎತ್ತಿದ. "ದೋಣಿ ಬಂತಾ?" ಅಂತ ಕಿರುಚಿದೆ.

"ಗಾಳಿ ಜೋರಿತ್ತ್ ಮಾರಾಯ್ತಿ. ನಿಲ್, ಕಂಡ್ಕಂಡ್ ಬತ್ತೆ," ಅಂದು ಫೋನನ್ನು ಅಲ್ಲೇ ಇಟ್ಟು ನೋಡಲು ಹೋದ. ನನಗೆ ಅಪ್ಪನ ಮುಖ ನೆನಪಾಗತೊಡಗಿತು. ಸಾಕಪ್ಪಾ ಸಾಕು ಅನ್ನಿಸಿ ರಿಸೀವರನ್ನು ಅಮ್ಮನ ಕೈಗೆ ತುರುಕಿದೆ.

ಅಮ್ಮ ಹಲೋ ಹಲೋ ಅನ್ನುತ್ತಿದ್ದಳು. ಅಷ್ಟರಲ್ಲಿ ಆ ಕಡೆಯಿಂದ, ನನಗೂ ಕೇಳುವಷ್ಟು ಜೋರಾಗಿ, ಏದುಸಿರು ಬಿಡುತ್ತಾ ತಮ್ಮನ ದನಿ. "ಅಮ್ಮಾ, ಎಂತ ಆಯ್ತ್?"

ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಇನ್ನೊಂದ್ ಸಲ ಅಮ್ಮ ಅನ್ ಮಗಾ," ಅಂದಳು.

ಅವನು ಅಂದ. ನಾನು ರಿಸೀವರ್ ಕಸಿದುಕೊಂಡು, "ನಂಗೂ ಒಂದ್ ಸಲ ಅಕ್ಕ ಅನ್ ಮಾರಾಯ," ಅಂದೆ.