ಸೀನನಿಗೆ ನಾನು ಕೊಟ್ಟ ಹೃದಯರೋಗ

೨೦೨೦ರ ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು. ಸ್ಥಳ: ಆಡಮ್ಸ್‌ಟೌನ್, ಮಗಳ ಮನೆಯ ಹಿತ್ತಲು. ಹಾಜರಿದ್ದವರು: ಈಚೆ ನಾನು, ಬೇಲಿಯಾಚೆ ಬ್ರೆಂಡನ್. ಮೊದಲು ತಪ್ಪೊಪ್ಪಿಗೆ — ನನ್ನ ತಮ್ಮ ಸೀನನಿಗೆ ಹೃದಯರೋಗವಿಲ್ಲ. ಎಂದೂ ಇರಲಿಲ್ಲ. ಅದನ್ನು ಹುಟ್ಟಿಸಿದವನು ನಾನು.

ಲಾಕ್‌ಡೌನ್‌ನಿಂದ ಈ ಪರದೇಶದಲ್ಲಿ ಸಿಕ್ಕಿಬಿದ್ದಿರುವ ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ದಿನಾ ಹಿತ್ತಲಲ್ಲಿ ಕವಾಯತು ಮಾಡುತ್ತೇನೆ. ಬ್ರೆಂಡನ್ ಚಹಾ ಹಿಡಿದು ನೋಡುತ್ತಾನೆ. ನನ್ನ ವಯಸ್ಸಿನವನೇ, ಪಕ್ಕದ ಮನೆಯಲ್ಲಿ ತನ್ನ ಗಂಡ ಟೋನಿಯ ಜೊತೆ ಇದ್ದಾನೆ. ಬೆಳೆದದ್ದು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಕುಟುಂಬದಲ್ಲಿ. ತನ್ನ ಮನಸ್ಸು ಗಂಡಸರ ಕಡೆಗೆಂದು ಹರೆಯದಲ್ಲಿ ಸಭೆಯ ಬಿಷಪ್ಪರ ಬಳಿ ಹೇಳಿಕೊಂಡ ಕಥೆಯನ್ನು ಅಂದು ಹೇಳಿದ. ಅವರು ಕೊಟ್ಟ ಮದ್ದು — ಪ್ರಾರ್ಥನೆ, ಉಪವಾಸ, ಆಟೋಟ. ಕೊನೆಗೆ, ಮದುವೆಯಾಗು, ಎಲ್ಲ ಸರಿಹೋಗುತ್ತದೆ. ಆಗ ಅವರಲ್ಲಿ ಅನೇಕ ಹಿರಿಯರು ಹಾಗೇ ನಂಬಿದ್ದರಂತೆ. ಆಮೇಲೆ ಮದುವೆಯ ಸಲಹೆಯನ್ನು ಬಿಟ್ಟರಂತೆ.

"ಎಂಥ ಮೂರ್ಖರು!" ಎಂದು ಜೋರಾಗಿ ನಕ್ಕೆ. ಅರ್ಧಕ್ಕೇ ನಿಂತೆ — ಮೇಲೆತ್ತಿದ ಕೈ ಇಳಿಸುವುದೂ ಮರೆತುಹೋಯಿತು.

"ಗ್ರ್ಯಾಂಡ್ ತಾನೇ?" ಎಂದ ಬ್ರೆಂಡನ್ — ಆರಾಮ ತಾನೇ ಎನ್ನುವುದು ಇಲ್ಲಿ ಹೀಗೆ.

ಗ್ರ್ಯಾಂಡ್ ಇರಲಿಲ್ಲ. ಸೀನ ಹರೆಯದಲ್ಲಿ ಅದೇ ಮಾತು ಹೇಳಿದಾಗ ನಾನು ಬಿಷಪ್ಪರನ್ನೂ ಮೀರಿಸಿದ್ದೆ. ತಣ್ಣೀರ ಸ್ನಾನ, ಬೆಳಗಿನ ಓಟ, ದಂಡ, ಬಸ್ಕಿ. ಅವನ ಮೈಕಟ್ಟು ಎಷ್ಟು ಚೆನ್ನಾಯಿತೆಂದರೆ ಹೆಣ್ಣು ಕೊಡುವವರು ಸಾಲು ನಿಂತರು! ಅವನು ಒಪ್ಪಲಿಲ್ಲ. ಯಾಕೆಂದು ಕೇಳಿದವರಿಗೆ ಏನು ಹೇಳಲಿ — ನಾಚಿಕೆ ನನ್ನದು, ಅವನದಲ್ಲ — "ಅವನ ಹಾರ್ಟ್ ವೀಕು" ಎಂದುಬಿಟ್ಟೆ.

ಅಂದಿನಿಂದ ಯಾವ ಹಬ್ಬದಲ್ಲೂ ಅವನ ಎಲೆಗೆ ತುಪ್ಪ ಬೀಳಲಿಲ್ಲ. ಹೋಳಿಗೆ ಅವನನ್ನು ದಾಟಿಯೇ ಹೋಗುತ್ತಿತ್ತು, ತಪ್ಪಿ ಬಿದ್ದದ್ದನ್ನು ಯಾರಾದರೂ ಎತ್ತಿಕೊಳ್ಳುತ್ತಿದ್ದರು. ನನ್ನ ಮಾನ ಉಳಿಸಲು ಅವನು ಮೆಟ್ಟಿಲು ಹತ್ತುವಾಗ ಏದುಸಿರನ್ನೂ ಬಿಡುತ್ತಿದ್ದ, ಹತ್ತಿದ ಮೇಲೆ ನನ್ನತ್ತ ಕಣ್ಣು ಮಿಟುಕಿಸುತ್ತಿದ್ದ. ನಾನು ನಗುತ್ತಿದ್ದೆ. ನಗಬಾರದಿತ್ತು.

ಈಗ ಕೊರೋನ. ಹಾರ್ಟ್ ಪೇಷೆಂಟ್ ಎಂದು ತಂಗಿ ಸುಶೀಲ ಅವನನ್ನು ಮೈಸೂರಿನ ತನ್ನ ಮನೆಗೆ ತಂದು ಕೋಣೆಯಲ್ಲಿ ಕೂರಿಸಿದ್ದಾಳೆ. ಇಷ್ಟು ವರ್ಷ ಅವನ ಜೊತೆ ಬಾಳಿದ ನಾಗರಾಜ ದಿನಾ ಗೇಟಿನವರೆಗೆ ಬಂದು ವಾಪಸ್ಸು ಹೋಗುತ್ತಾನೆ.

ಕವಾಯತು ಅರ್ಧಕ್ಕೆ ಬಿಟ್ಟೆ — ಜೀವನದಲ್ಲಿ ಮೊದಲ ಸಲ. ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಊಟದ ಹೊತ್ತು. ಸೀನನ ತಟ್ಟೆಯಲ್ಲಿ ಬರೀ ಸಾರನ್ನ.

"ಸುಶೀಲಾ, ಸೀನನ ಹಾರ್ಟು ಚೆನ್ನಾಗೇ ಇದೆ ಕಣೇ. ನಾನ್ ಹೇಳಿದ್ದು ಸುಳ್ಳು. ನಾಗರಾಜನ್ನ ಒಳಗೆ ಬಿಡು."

"ಏನಣ್ಣಾ ಇದು! ಮತ್ತ್ಯಾಕೆ ಮದ್ವೆ ಆಗ್ಲಿಲ್ಲ ಇವ್ನು?"

ಸೀನನೇ ತಟ್ಟೆಯಿಂದ ತಲೆಯೆತ್ತಿದ. "ನಾಗರಾಜ ಇದ್ನಲ್ಲ ಕಣೇ."

"ಅದು ನಂಗೆ ಯಾವತ್ತೋ ಗೊತ್ತು," ಎಂದಳು ಸುಶೀಲ. "ಹಾರ್ಟು ಸುಳ್ಳು ಅಂತ ಗೊತ್ತಿರ್ಲಿಲ್ಲ! ಅಯ್ಯೋ, ನಾನೇ ಎಷ್ಟು ಸಲ ಇವ್ನ ಎಲೆಯಿಂದ ಹೋಳಿಗೆ ಎತ್ಕೊಂಡಿದೀನಿ..."

"ಹಾಗಾದ್ರೆ ಅಣ್ಣಾ," ಎಂದ ಸೀನ, "ಇನ್ಮೇಲೆ ನಾನು ಏದುಸಿರು ಬಿಡೋದು ಬೇಡ್ವಾ?"

ಮಧ್ಯಾಹ್ನ ಸುಶೀಲ ಫೋಟೋ ಕಳಿಸಿದಳು. ಮಾಸ್ಕ್ ಹಾಕಿದ ನಾಗರಾಜ, ಪಕ್ಕದಲ್ಲಿ ಸೀನ, ಮುಂದೆ ತುಪ್ಪದ ಗಿಂಡಿ. ನೋಡುತ್ತಾ ಹೊಳೆಯಿತು — ಸುಳ್ಳು ಹೇಳಿದೆನೆಂದು ಒಪ್ಪಿಕೊಂಡೆ, ಕ್ಷಮೆ ಕೇಳಲೇ ಇಲ್ಲ.

ಮತ್ತೆ ಫೋನ್ ಮಾಡಿದೆ. ಕೇಳಿದೆ — ತಣ್ಣೀರಿಗೂ, ಓಟಕ್ಕೂ, ಆ ಸುಳ್ಳಿಗೂ. "ಆ ತಣ್ಣೀರು ಇನ್ನೂ ನೆನ್ಪಿದೆ ಅಣ್ಣಾ," ಎಂದ ಸೀನ. ಅವನು ಹೇಳುತ್ತಾ ಹೋದ, ನಾನು ಕೇಳುತ್ತಾ ಕೂತೆ.

ಆಮೇಲೆ ಬೇಲಿಯ ಹತ್ತಿರ ಹೋಗಿ, ಆ ಮೂರ್ಖರಲ್ಲಿ ನಾನೂ ಒಬ್ಬನೆಂದು ಬ್ರೆಂಡನ್‌ಗೆ ಹೇಳಿ ಬಂದೆ. ಅಲ್ಲಿಗೆ ಅಂದಿನ ಕೆಲಸ ಮುಗಿಯಿತು.