ಮೋಮೋ ಅಂಗಡಿಯಲ್ಲಿ ಕಲಿತ ಚೀನಿ ಹಾಡು

ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನಲ್ಲಿ ನಾನು ಸಂಜೆ ಹೊತ್ತು ಹಾಡುತ್ತೇನೆ. ಕೀಬೋರ್ಡಿಗೆ ನನ್ನ ಯಜಮಾನರು. ಭಾವಗೀತೆ, ಹಳೇ ಹಿಂದಿ ಹಾಡು, ಯಾರಾದರೂ ಕೇಳಿದರೆ ಒಂದು ತಮಿಳು. ಒಂದು ದಿನ ಮ್ಯಾನೇಜರು ಕರೆದು, ಮಲೇಷ್ಯಾದಿಂದ ಚೀನಿ ಕುಟುಂಬವೊಂದು ಬರುತ್ತಿದೆ, ಅವರ ಅಜ್ಜಿಗೆ ಎಂಬತ್ತು ತುಂಬುತ್ತದೆ, ಅಜ್ಜಿಯ ಹರೆಯದ ಕಾಲದ ಸಿನಿಮಾ ಹಾಡೊಂದು ಬೇಕಂತೆ ಎಂದು ನನ್ನ ಫೋನಿಗೆ ವಿಡಿಯೋ ಕಳಿಸಿದರು.

"ಸಾರ್, ನಂಗೆ ಒಂದಕ್ಷರ ಬರಲ್ಲ."

"ಕಲ್ತ್ಕೊಳ್ಳಿ ಮೇಡಂ. ಆಗಲ್ಲ ಅಂದ್ರೆ ಮೈಸೂರಿಂದ ಬೇರೆಯವರನ್ನ ಕರೆಸ್ತೀನಿ. ಆಮೇಲೆ ಅವರೇ ಮುಂದುವರೀತಾರೆ."

ರಾಗ ಬೇಗ ಕೂತಿತು. ಮಾತೇ ಹೆದರಿಸಿದ್ದು. ಆ ಭಾಷೆಯಲ್ಲಿ ಒಂದೇ 'ಮಾ' ಎತ್ತರದಲ್ಲಿ ಹಿಡಿದರೆ ಅಮ್ಮ, ತಗ್ಗಿಸಿದರೆ ಕುದುರೆ ಎಂದು ಯಾರೋ ಹೇಳಿಬಿಟ್ಟಿದ್ದರು. ಹುಟ್ಟಿದಹಬ್ಬದ ದಿನ ಮಕ್ಕಳು ಮೊಮ್ಮಕ್ಕಳ ಎದುರು ಆ ಹಿರಿಯರಿಗೆ ನಾನು ಏನು ಅಂದುಬಿಡುತ್ತೇನೋ! ಅನ್ನಕ್ಕೆ ಕೂತರೂ ಅದೇ ಯೋಚನೆ.

"ಬೈಲುಕುಪ್ಪೆ ಟಿಬೆಟ್ ಕ್ಯಾಂಪಿನೋರಿಗೆ ಗೊತ್ತಿರ್ತದೆ ಕಣೆ, ಕೇಳ್ಕಂಡು ಬಾ" ಅಂದರು ಯಜಮಾನರು.

ಹುಣಸೂರಿನಲ್ಲಿ ಬಸ್ಸು ಬದಲಿಸಿ, ಪಿರಿಯಾಪಟ್ಟಣ ದಾಟಿ ಬೈಲುಕುಪ್ಪೆಗೆ ಹೋದೆ. ಅಲ್ಲಿ ಮೋಮೋ ಅಂಗಡಿ ಇಟ್ಟಿರುವ ಟಿಬೆಟಿಯನ್ ಹೆಂಗಸು ನನಗೆ ಪರಿಚಯ. ಹೆಚ್ಚುಕಮ್ಮಿ ನನ್ನದೇ ವಯಸ್ಸು, ಕನ್ನಡ ಚೆನ್ನಾಗಿ ಬರುತ್ತದೆ. ಅವರು ಎಲೆಕೋಸು ಹೆಚ್ಚುತ್ತಿದ್ದರು. ನಾನು ಹಿಂದೆ ಮುಂದೆ ನೋಡದೆ ಫೋನಿನಲ್ಲಿ ಹಾಡು ಹಚ್ಚಿದೆ.

ಚಾಕು ನಿಂತಿತು. ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದ ಇಬ್ಬರು ತಲೆಯೆತ್ತಿ ನನ್ನನ್ನೇ ನೋಡಿದರು. ಆಗ ನನಗೆ ಹೊಳೆಯಿತು. ಯಾವ ದೇಶದವರಿಂದಾಗಿ ಇವರ ಹಿರಿಯರು ಊರು ಬಿಟ್ಟು ಇಲ್ಲಿಗೆ ಬಂದರೋ, ಆ ಭಾಷೆಯ ಹಾಡನ್ನು ಅವರ ಅಂಗಡಿಯಲ್ಲೇ ಕೂತು ಹಾಕಿದ್ದೆ. ಗಡಿಬಿಡಿಯಲ್ಲಿ ಆಫ್ ಮಾಡಿ, ಅಜ್ಜಿಯ ಹುಟ್ಟಿದಹಬ್ಬ, ಮ್ಯಾನೇಜರ ಮಾತು, ಎಲ್ಲವನ್ನೂ ತೊದಲುತ್ತ ಹೇಳಿದೆ.

ಅವರು ಎಲೆಕೋಸು ಪಕ್ಕಕ್ಕೆ ಸರಿಸಿದರು. ಊಟದವರು ಎದ್ದುಹೋಗುವವರೆಗೆ ಕಾದು, ಬಾಗಿಲು ಮುಂದೆ ಮಾಡಿದರು.

"ನಾನು ಟಿಬೆಟ್ಟಲ್ಲೇ ಹುಟ್ಟಿದ್ದು ಅಕ್ಕ. ಶಾಲೆಯಲ್ಲಿ ಈ ಭಾಷೆನೇ ಕಲಿಸಿದ್ರು. ಹತ್ತು ವರ್ಷ ಇದ್ದಾಗ ಚಿಕ್ಕಪ್ಪನ ಜೊತೆ ಬೆಟ್ಟ ದಾಟಿ ಬಂದೆ. ಆಮೇಲೆ ಮಾತಾಡಿಲ್ಲ. ಹಾಡಿ, ಕೇಳ್ತೀನಿ."

ಹಾಡಿದೆ. ಮಾತಿನ ಏರಿಳಿತಕ್ಕೆ ಹೆದರಬೇಡಿ, ಹಾಡಿನಲ್ಲಿ ಅದನ್ನು ರಾಗ ನುಂಗಿಬಿಡುತ್ತದೆ, ಕೆಟ್ಟಿರುವುದು ನಿಮ್ಮ ಚಕಾರ ಅಂದರು. "ಕನ್ನಡದ 'ಟ' ಹೇಳೋ ಜಾಗಕ್ಕೆ ನಾಲಿಗೆ ಇಡಿ, ಆದ್ರೆ 'ಚ' ಅನ್ನಿ." ನಾನು ಅಂದೆ. ಅವರು ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಅಂದೆ. ಆ 'ಚ' ಇರುವುದು, ಊರಿಗೆ ಹೊರಟುನಿಂತವನನ್ನು ಇನ್ನೊಂದು ದಿನ ಇರು ಎಂದು ಕೇಳಿಕೊಳ್ಳುವ ಸಾಲಿನಲ್ಲಿ ಎಂದು ಅರ್ಥ ಹೇಳಿಕೊಟ್ಟರು.

ಎರಡನೇ ಚರಣದಲ್ಲಿದ್ದಾಗ ಬಾಗಿಲು ದಡಾರನೆ ತೆರೆಯಿತು. ಅವರ ಮೈದುನ. ಹಾಡು ಬೀದಿಗೆ ಕೇಳಿತ್ತು. ಆತ ತಮ್ಮ ಭಾಷೆಯಲ್ಲಿ ಅತ್ತಿಗೆಯ ಮೇಲೆ ಎಗರಿದರು. ಅತ್ತಿಗೆ ದನಿ ಏರಿಸದೆ ಒಂದೊಂದೇ ಮಾತು ಆಡಿದರು. ನಾನು ಬ್ಯಾಗು ಎದೆಗೆ ಅವುಚಿಕೊಂಡು ನಿಂತಿದ್ದೆ. ಕೊನೆಗೆ ಆತ ನನ್ನ ಕಡೆ ತಿರುಗಿ, "ನಿಮ್ಮ ಮೇಲೆ ಸಿಟ್ಟಿಲ್ಲ ಅಕ್ಕ. ಈ ಹಾಡು ಮಾತ್ರ ಈ ಅಂಗಡೀಲಿ ಬೇಡ" ಅಂದರು. ಆತನ ಕಣ್ಣು ತುಂಬಿತ್ತು. ನಾನು ತಲೆ ತಗ್ಗಿಸಿ ಹೊರಬಿದ್ದೆ.

ಎರಡನೇ ಚರಣ ಅರ್ಧಕ್ಕೇ ಉಳಿಯಿತು. ಅದನ್ನು ವಿಡಿಯೋ ಕೇಳಿಯೇ ತಿದ್ದಿಕೊಂಡೆ.

ಹುಟ್ಟಿದಹಬ್ಬದ ಸಂಜೆ ಅಜ್ಜಿ ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿದ್ದರು. ಮೊದಲ ಚರಣ ಮುಗಿದರೂ ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯದು ಶುರು ಮಾಡಿದೆನೋ ಇಲ್ಲವೋ, ಕೈ ಎತ್ತಿ ನಿಲ್ಲಿಸು ಎಂದರು. ಕೀಬೋರ್ಡ್ ನಿಂತಿತು. ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿದರು. ಅಜ್ಜಿ ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಗಳು ಎದ್ದು ಬಂದು ಇಂಗ್ಲಿಷಿನಲ್ಲಿ, "ಅಮ್ಮನಿಗೂ ಹಾಡಬೇಕಂತೆ. ನಿಮ್ಮ ಶ್ರುತಿ ಅವರಿಗೆ ಮೇಲಾಯಿತು, ಸ್ವಲ್ಪ ಇಳಿಸುತ್ತೀರಾ?" ಅಂದರು.

ಇಳಿಸಿದೆವು. ಅಜ್ಜಿ ಒಡಕು ದನಿಯಲ್ಲಿ ಹಾಡಿದರು, ನಾನು ಅವರ ದನಿಯ ಹಿಂದೆ ಹಿಂದೆ ಹೋದೆ. ನಡುವೆ ಅವರು ಸಾಲು ಮರೆತಾಗ ನಾನು ಎತ್ತಿಕೊಟ್ಟೆ.

ಮುಂದಿನ ವಾರ ಬೈಲುಕುಪ್ಪೆಗೆ ಹೋದೆ. ಮೈದುನ ಗಲ್ಲಾದಲ್ಲಿದ್ದುದರಿಂದ ಸುಮ್ಮನೆ ಮೋಮೋ ತಿಂದು ಎದ್ದೆ. ಆಕೆ ನನ್ನ ಹಿಂದೆಯೇ ರಸ್ತೆಗೆ ಬಂದರು.

"ಹೆಂಗಾಯ್ತು?"

"ಅಜ್ಜೀನೂ ಹಾಡಿದ್ರು."

ಅವರು ಹಿಂತಿರುಗಿ ಅಂಗಡಿಯ ಬಾಗಿಲ ಕಡೆ ನೋಡಿದರು. ಆಮೇಲೆ, "ಚಿಕ್ಕವಳಿದ್ದಾಗ ಆ ಥರದ ಹಾಡು ನಂಗೆ ತುಂಬಾ ಇಷ್ಟ ಇತ್ತು. ಇದನ್ನ ಇಲ್ಲಿ ಯಾರಿಗೂ ಹೇಳಕ್ಕಾಗಲ್ಲ" ಅಂದು ಒಳಗೆ ಹೋದರು.