ಸಾರಿನಲ್ಲಿ ಕಲಸಿದ ಪುಡಿ

ಕೋವಿಡ್ಡಿನ ಗದ್ದಲ ಅಡಗಿದ ಮೇಲಿನ ಎರಡನೆಯ ಮಳೆಗಾಲ. ಗೋವಾದ ಫೋಂಡಾ ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ಆ ಭಾನುವಾರ ಮಧ್ಯಾಹ್ನ ನಮ್ಮ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಇದ್ದವರು ಇಷ್ಟು: ಮಂಚದ ಮೇಲೆ ಯಮನಪ್ಪ, ಗಾರೆ ಕೆಲಸಕ್ಕೆ ಬಂದ ಬಾದಾಮಿ ಕಡೆಯ ಗೌಂಡಿ, ಅವನ ತಲೆಯ ಬಳಿ ಹೆಂಡತಿ ರೇಣವ್ವ, ಬಾಗಿಲಲ್ಲಿ ಕಬ್ಬಿಣದ ಸರಳು ಹಿಡಿದು ನಿಂತ ಅವನ ಅಣ್ಣ ಹನಮಪ್ಪ, ಸಲೈನ್ ಹಚ್ಚುತ್ತಿದ್ದ ಸಿಸ್ಟರ್ ಪ್ರೆಸಿಲಾ, ಮತ್ತು ನಾನು. ಪಕ್ಕದ ಡ್ರೆಸ್ಸಿಂಗ್ ಕೋಣೆಯಲ್ಲಿ ಇನ್ನೊಬ್ಬನಿದ್ದ. ಒಡೆದ ತಲೆಗೆ ಟವೆಲ್ ಒತ್ತಿ ಹಿಡಿದು ಕೂತಿದ್ದ ಗುರುದಾಸ, ರಸ್ತೆ ತಿರುವಿನ ಬಾರಿನ ಮಾಲೀಕ. ಅವನನ್ನು ಸಿಸ್ಟರೇ ಒಳಗೆ ತಳ್ಳಿ ಹೊರಗಿನಿಂದ ಬೀಗ ಹಾಕಿದ್ದಳು. ಅಂಗಳದಲ್ಲಿ ಹನಮಪ್ಪನ ಜೊತೆ ಕಟ್ಟಡದ ಕೆಲಸ ಮಾಡುವ ಗ್ಯಾಂಗಿನ ಗಂಡಸರೆಲ್ಲ ಸೇರಿದ್ದರು.

ನಡೆದದ್ದು ಹೀಗೆ. ಕೆಲಸಕ್ಕೆ ರಜೆ ಇದ್ದ ದಿನ ಯಮನಪ್ಪ ಮನೆಯಲ್ಲಿ ಉಂಡು, ಗುರುದಾಸನ ಬಾರಿಗೆ ಹೋಗಿ ಒಂದು ಕ್ವಾರ್ಟರ್ ಕುಡಿದ. ಎದ್ದು ನಿಲ್ಲುವಷ್ಟರಲ್ಲಿ ಮುಖ ಕೆಂಪಡರಿ, ಎದೆ ಹಿಡಿದುಕೊಂಡು, ವಾಂತಿ ಮಾಡುತ್ತ ಅಲ್ಲೇ ಕುಸಿದ. ಜೊತೆಗಿದ್ದವರು 'ವಿಷದ ಸೆರೆ ಕುಡಿಸಿದ' ಎಂದು ಕೂಗಿದರು. ಕೂಲಿಯವರು ಇರುವ ಶೆಡ್ಡಿನಿಂದ ಗ್ಯಾಂಗು ಓಡಿ ಬಂತು. ಬಾರಿನ ಕಪಾಟುಗಳನ್ನು ಉರುಳಿಸಿದರು, ಗುರುದಾಸನ ತಲೆಯ ಮೇಲೆ ಸೋಡಾ ಬಾಟಲಿ ಒಡೆದರು. ಅವನು ಹಿತ್ತಿಲ ಬಾಗಿಲಿನಿಂದ ತಪ್ಪಿಸಿಕೊಂಡು, ಗದ್ದೆ ದಾಟಿ, ನೇರ ನಮ್ಮಲ್ಲಿಗೇ ಬಂದಿದ್ದ. ಹೊಡೆದವರೂ ಹೊಡೆಸಿಕೊಂಡವನೂ ಹುಡುಕಿಕೊಂಡು ಬರುವ ಜಾಗ ಒಂದೇ. ಸಣ್ಣ ಊರಿನ ದವಾಖಾನೆಯ ಹಣೆಬರಹವೇ ಇದು.

ನಾನು ಧಾರವಾಡದ ಹೆಣ್ಣು, ಗೋವಾಕ್ಕೆ ಬಂದದ್ದು ಮದುವೆಯಾಗಿ. ಕುಂಡಯಿ, ಮಡ್ಕಯಿಗಳ ಕಾರ್ಖಾನೆಗಳಿಗೆ, ಕಟ್ಟಡಗಳಿಗೆ ನಮ್ಮ ಕಡೆಯ ಜನ ದುಡಿಯಲು ಬರುತ್ತಲೇ ಇರುತ್ತಾರೆ. ಅವರಿಗೆ ನಾನು 'ಡಾಕ್ಟರ್‌ಬಾಯಾರು'. ನನ್ನ ಮಾತು ಕೇಳಿದರೆ ತವರಿನವರು ಸಿಕ್ಕ ಹಾಗೆ ಮುಖ ಅರಳಿಸುತ್ತಿದ್ದರು. ಆ ದಿನ ಮಾತ್ರ ಆ ಬಂಧುತ್ವ ಯಾರ ಕಣ್ಣಲ್ಲೂ ಇರಲಿಲ್ಲ.

"ಬಾಯಾರ, ನನ್ನ ತಮ್ಮ ಏನರ ಸತ್ತಂದ್ರ, ಒಳಗ ಕುಂತಾನಲ್ಲ, ಅವನ್ನ ಇಲ್ಲೇ ಕಡದ ಹಾಕ್ತೀನಿ," ಎಂದ ಹನಮಪ್ಪ.

"ಮೊದ್ಲ ನಿನ್ನ ತಮ್ಮನ್ನ ಬದುಕಸೋಣಪಾ. ಆಮ್ಯಾಲೆ ಕಡಿಯೋ ಮಾತು," ಎಂದೆ.

ಯಮನಪ್ಪನ ರಕ್ತದೊತ್ತಡ ಎಪ್ಪತ್ತಕ್ಕೆ ಇಳಿದಿತ್ತು. ನಾಡಿ ಓಡುತ್ತಿತ್ತು. ಮುಖ, ಕುತ್ತಿಗೆ, ಎದೆಯೆಲ್ಲ ಕೆಂಡದ ಬಣ್ಣ. ಕೀಟನಾಶಕ ಹೊಟ್ಟೆ ಸೇರಿದರೆ ಕೊಡುವ ಔಷಧಿ ಅಟ್ರೋಪಿನ್. ಸಿಸ್ಟರ್ ಅದನ್ನು ಸಿರಿಂಜಿಗೆ ಎಳೆದುಕೊಂಡೇ ಬಿಟ್ಟಿದ್ದಳು. ಆದರೆ ಆ ವಿಷದಲ್ಲಿ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ. ಇವನಿಗೆ ಎರಡೂ ಇರಲಿಲ್ಲ. ಅಟ್ರೋಪಿನ್ ಕೊಟ್ಟರೆ ಮೊದಲೇ ಓಡುತ್ತಿರುವ ಹೃದಯವನ್ನು ಇನ್ನಷ್ಟು ಬೆನ್ನಟ್ಟಿದ ಹಾಗೆ. ಬೇಡ ಎಂದು ತಡೆದೆ.

ಇಂಥದ್ದೇ ಕೆಂಪು ಮುಖವನ್ನು ನಾನು ಓದುವಾಗ ಮಾನಸಿಕ ರೋಗಗಳ ವಾರ್ಡಿನಲ್ಲಿ ಒಮ್ಮೆ ನೋಡಿದ್ದೆ. ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಡೈಸಲ್ಫಿರಾಮ್ ಎಂಬ ಮಾತ್ರೆ ಕೊಡುವುದುಂಟು. ಅದು ದೇಹದಲ್ಲಿದ್ದಾಗ ಒಂದು ಗುಟುಕು ಕುಡಿದರೂ ಮದ್ಯ ಅರ್ಧಕ್ಕೇ ಕರಗಿ ವಿಷವಾಗಿ ನಿಲ್ಲುತ್ತದೆ. ಮುಖ ಉರಿಯುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಕೆಲವರ ಹೃದಯ ನಿಂತೂ ಹೋಗುತ್ತದೆ. ಹಾಗಾಗಿ ರೋಗಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದ ಮೇಲೆಯೇ ಕೊಡುವ ಮಾತ್ರೆ ಅದು. ಈ ಗೌಂಡಿಗೆ ಅದನ್ನು ಕೊಟ್ಟವರು ಯಾರು?

"ಏನ್ ಉಂಡಾನವ್ವ ಇವತ್ತ?" ಎಂದು ರೇಣವ್ವನನ್ನು ಕೇಳಿದೆ.

"ರೊಟ್ಟಿರಿ. ಬ್ಯಾಳಿ ಸಾರು."

"ಮತ್ತೇನರ? ಯಾವ್ದರ ಗುಳಗಿ, ಔಷಧಿ?"

ಅವಳ ಕಣ್ಣು ಭಾವನ ಕೈಯ ಸರಳಿನ ಕಡೆ ಹೋಯಿತು. "ಇಲ್ರಿ," ಎಂದಳು.

"ಆಕಿನ್ನೇನ್ ಕೇಳ್ತೀರಿ? ಆ ಬಾರಿನ ಮಗನ್ನ ಕೇಳ್ರಿ!" ಎಂದು ಹನಮಪ್ಪ ಗುಡುಗಿದ.

ಅವನು ಅಲ್ಲಿರುವ ತನಕ ಅವಳ ಬಾಯಿಂದ ಸತ್ಯ ಬರುವುದಿಲ್ಲವೆಂದು ಗೊತ್ತಾಯಿತು. ಪ್ರೆಸಿಲಾ ಗೋವೆಯ ಹುಡುಗಿಯಾದರೂ ರೋಗಿಗಳ ಬಾಯಿಂದ ಕೇಳಿ ಕೇಳಿ ಕನ್ನಡ ಕಲಿತಿದ್ದಳು. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ಉದ್ದನೆಯ ರಬ್ಬರ್ ನಳಿಗೆಯೊಂದನ್ನು ಹನಮಪ್ಪನ ಮೂಗಿನ ಮುಂದೆ ತೂಗಿಬಿಟ್ಟಳು.

"ಬಾಬಾ, ಈಗ ತಮ್ಮನ ಚಡ್ಡಿ ತೆಗೀಬೇಕು, ಮೂತ್ರಕ್ಕೆ ನಳಿಗೆ ಹಾಕಬೇಕು. ನೀನು ಹಿಡ್ಕೊಳ್ತೀಯಾ?"

ಊರನ್ನೇ ಸುಡಲು ಬಂದಂತಿದ್ದ ಗಂಡಸು ಥಟ್ಟನೆ ಹೊರಗೆ ಹೋದ. ಸಿಸ್ಟರ್ ಬಾಗಿಲು ಹಾಕಿದಳು.

ರೇಣವ್ವ ಕುಸಿದು ಕೂತು ನನ್ನ ಕಾಲು ಹಿಡಿದಳು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ಕೊಟ್ಟಳು. ಬಿಳಿಯ ಪುಡಿ, ಮೇಲೆ ಹೆಸರಿಲ್ಲ.

"ಸಂತ್ಯಾಗ ಒಬ್ಬಾಕಿ ಕೊಟ್ಟಳ್ರಿ. ಊಟದಾಗ ಕಲಸಿ ಹಾಕು, ಕುಡಿಯೋದ ತಾನ ಬಿಡ್ತಾನ ಅಂದ್ಲು. ಗಂಡಗ ಹೇಳಿದಿ ಅಂದ್ರ ಔಷಧಿ ಹತ್ತಂಗಿಲ್ಲ, ಯಾರ ಮುಂದನೂ ಬಾಯಿ ಬಿಡಬ್ಯಾಡ ಅಂದ್ಲು. ಇವತ್ತ ಅಮಾಸಿ ಐತಂತ ಜಾಸ್ತಿ ಹಾಕಿದ್ನಿರಿ."

ಹೇಳುತ್ತಲೇ ಕುಪ್ಪಸದ ತೋಳು ಸರಿಸಿದಳು. ಹೆಗಲಿನಿಂದ ಮೊಣಕೈವರೆಗೆ ಬೆಲ್ಟಿನ ಬಾಸುಂಡೆ. ಕೆಲವು ಹಳೆಯವು, ಕೆಲವು ಇನ್ನೂ ಹಸಿ. "ಕುಡದ ಬಂದಾಗ ಅವಾ ಮನಶ್ಯಾನ ಅಲ್ರಿ. ಕುಡೀಲಿಲ್ಲಂದ್ರ ದೇವ್ರಂಥಾ ಮನಶ್ಯಾ. ನಾ ಕೊಲ್ಲಾಕ ಹಾಕಿಲ್ರಿ ಬಾಯಾರ. ಭಾವಾರಿಗೆ ಗೊತ್ತಾತಂದ್ರ ನನ್ನ ಉಳಸಂಗಿಲ್ಲ."

ಅವಳ ಭಯ ಸುಳ್ಳಲ್ಲ. ಗಂಡನಿಗೆ ಮದ್ದು ಹಾಕಿದವಳು ಎಂಬ ಮಾತು ನಮ್ಮ ಕಡೆ ಹೆಣ್ಣಿನ ಮೇಲೆ ಬಿದ್ದರೆ ಆಮೇಲೆ ಅವಳಿಗೆ ಗಂಡನ ಮನೆಯೂ ಇಲ್ಲ, ತವರೂ ಇಲ್ಲ. ನಮ್ಮ ಓಣಿಯಲ್ಲಿ ಅಂಥ ಮಾತು ಹೊತ್ತ ಒಬ್ಬಳು ಬಾವಿಗೆ ಬಿದ್ದದ್ದನ್ನು ನನ್ನ ಅಜ್ಜಿ ಪಿಸುದನಿಯಲ್ಲಿ ಹೇಳುತ್ತಿದ್ದಳು.

ಚಿಕಿತ್ಸೆಯ ದಾರಿಯಂತೂ ಈಗ ಸ್ಪಷ್ಟವಾಯಿತು. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಕಾಲು ಎತ್ತರಿಸಿ ಮಲಗಿಸಿ, ಎರಡೂ ಕೈಗೆ ಸಲೈನ್, ಮೂಗಿಗೆ ಆಮ್ಲಜನಕ. ಇಸಿಜಿಯಲ್ಲಿ ಹೃದಯದ ಗೀಟುಗಳನ್ನು ನೋಡುತ್ತ, ಆಂಬುಲೆನ್ಸ್ ಬರುವ ತನಕ ಮನುಷ್ಯನನ್ನು ಜಾರದಂತೆ ಹಿಡಿದುಕೊಂಡಿರಬೇಕು, ಅಷ್ಟೆ. ಪೊಲೀಸರಿಗೂ ಫೋನ್ ಹೋಗಿತ್ತು.

ಅಷ್ಟರಲ್ಲಿ ಕಿಟಕಿಯ ಗಾಜು ಒಡೆದು ಕಲ್ಲೊಂದು ಔಷಧಿಯ ಟ್ರೇ ಮೇಲೆ ಬಿತ್ತು. ಹೊರಗೆ ಡ್ರೆಸ್ಸಿಂಗ್ ಕೋಣೆಯ ಬಾಗಿಲಿಗೆ ಒದೆ ಬೀಳುತ್ತಿತ್ತು. ಒಳಗಿನಿಂದ ಗುರುದಾಸ, "ದೇವಾ ರೇ! ನಾನು ಏನೂ ಹಾಕಲಿಲ್ಲ! ಬಾಟಲಿಯ ಸೀಲು ಅವನೇ ಒಡೆದದ್ದು!" ಎಂದು ಕೂಗುತ್ತಿದ್ದ.

ನಾನು ಪಡಸಾಲೆಗೆ ಬಂದೆ. ಬಾಯಿ ಮುಚ್ಚಿಕೊಂಡಿದ್ದರೆ ಗುರುದಾಸ ಸಾಯುತ್ತಾನೆ, ಬಿಟ್ಟರೆ ರೇಣವ್ವ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಸುಲಭ; ಎದುರಿಗೆ ಇಬ್ಬರು ಮನುಷ್ಯರಿರುವಾಗ ಆ ಗಾದೆ ಯಾವ ಉಪಯೋಗಕ್ಕೂ ಬರುವುದಿಲ್ಲ.

"ಇದು ವಿಷ ಅಲ್ಲ, ಕೇಳ್ರಿ!" ಎಂದು ಕೂಗಿದೆ. "ಅವನ ಮೈಯಾಗ ಒಂದು ಔಷಧಿ ಇತ್ತು. ಅದಕ್ಕ ಸೆರೆ ಆಗಿಬರಂಗಿಲ್ಲ. ಯಾವ ಬಾರಿನ್ಯಾಗ ಕುಡದಿದ್ರೂ ಹಿಂಗ ಆಗ್ತಿತ್ತು. ಇಂವಂದೇನೂ ತಪ್ಪಿಲ್ಲ."

"ಯಾರ ಕೊಟ್ಟಾರ ಔಷಧಿ?" ಎಂದು ಹನಮಪ್ಪ ನನ್ನ ಮುಖಕ್ಕೆ ಮುಖ ತಂದ.

"ಅದನ್ನ ನಿನ್ನ ತಮ್ಮಗ ಹೇಳ್ತೀನಿ. ನಿನಗಲ್ಲ."

"ಬಾರಿನವನ ಕಡೆಯಿಂದ ಎಷ್ಟ ತಿಂದೀರಿ, ಬಾಯಾರ?"

ಉತ್ತರಕ್ಕೆ ಅವನು ಕಾಯಲಿಲ್ಲ. ಅವನು ನೂಕಿದ ರಭಸಕ್ಕೆ ನನ್ನ ತಲೆ ಗೋಡೆಗೆ ಬಡಿಯಿತು. ಚಿಲಕದ ಸಮೇತ ಬಾಗಿಲು ಕಿತ್ತುಬಂತು. ಗುರುದಾಸನನ್ನು ಅಂಗಿಯ ಕೊರಳುಪಟ್ಟಿ ಹಿಡಿದು ಎಳೆದು ತಂದರು. ಒಬ್ಬ ಬೆನ್ನಿಗೆ ಒದ್ದ, ಇನ್ನೊಬ್ಬ ಒಡೆದ ತಲೆಯ ಮೇಲೆಯೇ ಮತ್ತೆ ಗುದ್ದಿದ. ನೆಲದ ಬಿಳಿಯ ಟೈಲ್ಸಿನ ಮೇಲೆ ರಕ್ತ ಉದ್ದಕ್ಕೆ ಒರೆಸಿಕೊಂಡು ಬಂತು. ಹನಮಪ್ಪ ಸರಳು ಎತ್ತಿದ.

"ಭಾವಾ, ಅವನ್ನ ಬಿಡ್ರಿ!"

ರೇಣವ್ವ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು.

"ನಾ ಹಾಕೀನಿ. ಸಾರಿನ್ಯಾಗ ನಾ ಕಲಸಿ ಹಾಕೀನಿ. ಕುಡಿಯೋದು ಬಿಡ್ಲಿ ಅಂತ."

"ಮದ್ದು ಹಾಕಿದ್ಯೇನಲೇ? ನನ್ನ ತಮ್ಮಗ ಮದ್ದು ಹಾಕಿದ್ಯಾ?" ಎನ್ನುತ್ತ ಹನಮಪ್ಪ ತಿರುಗಿದ. ತಲೆಗೆಂದು ಬೀಸಿದ ಸರಳಿಗೆ ಅವಳು ಕೈ ಅಡ್ಡ ಹಿಡಿದಳು. ಎಲುಬು ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಮುಂಗೈ ಒಣಗಿದ ಟೊಂಗೆಯ ಹಾಗೆ ಜೋತುಬಿತ್ತು. ಅವಳು ಅರಚಲಿಲ್ಲ, ಗೋಡೆಗೆ ಒರಗಿ ಕೆಳಗೆ ಜಾರಿದಳು. ಅವನು ಇನ್ನೊಮ್ಮೆ ಎತ್ತಿದ.

ಆಗ ಎದ್ದವನು ಗುರುದಾಸ. ಎದ್ದ ಎನ್ನುವುದೂ ಹೆಚ್ಚೇ. ಬಿದ್ದಲ್ಲಿಂದಲೇ ತೆವಳಿ ಹನಮಪ್ಪನ ಎರಡೂ ಕಾಲು ತಬ್ಬಿಕೊಂಡ. "ತಿಕಾ ಮಾರೂಂ ನಾಕಾ ರೇ! ಆಕೆಗೆ ಬೇಡ! ಹೊಡೆಯುವುದಿದ್ದರೆ ನನಗೇ ಹೊಡಿ!" ಎಂದ. ಹನಮಪ್ಪ ಆಯ ತಪ್ಪಿ ಮುಖ ಅಡಿಯಾಗಿ ಬಿದ್ದ. ಪ್ರೆಸಿಲಾ ಹಾರಿ ಸರಳನ್ನು ಕಸಿದು ಕಿಟಕಿಯಾಚೆ ಎಸೆದಳು. ಗ್ಯಾಂಗಿನ ವಯಸ್ಸಾದ ಗೌಂಡಿಯೊಬ್ಬ ಹನಮಪ್ಪನ ಬೆನ್ನ ಮೇಲೆ ಮೊಣಕಾಲೂರಿ, "ಸಾಕು ಮಾಡೋ ಹನಮ್ಯಾ. ಹೆಣಮಗಳ ಮ್ಯಾಲೆ ಕೈ ಮಾಡಿದಿ. ಯಾವ ಮುಖ ಇಟಗೊಂಡ ಊರಿಗೆ ಹೋಗೂಣು?" ಎಂದ. ತುಸು ಮೊದಲು ಗುರುದಾಸನ ಬೆನ್ನಿಗೆ ಒದ್ದವನೂ ಇವನೇ. ಮನುಷ್ಯನ ನಾಚಿಕೆ ಯಾವ ಗಳಿಗೆಯಲ್ಲಿ ಎಚ್ಚರವಾಗುತ್ತದೆ ಎನ್ನುವುದು ನನಗೆ ಇನ್ನೂ ತಿಳಿದಿಲ್ಲ.

ಪೊಲೀಸರು ಬಂದರು, ಅವರ ಹಿಂದೆಯೇ ಆಂಬುಲೆನ್ಸು. ಯಮನಪ್ಪ, ಗುರುದಾಸ, ರೇಣವ್ವ ಮೂವರನ್ನೂ ಒಂದೇ ಗಾಡಿಯಲ್ಲಿ ಫೋಂಡಾದ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಮೂವರೂ ಬದುಕಿದರು.

ಮರುದಿನ ನಾನು ತಲೆಗೆ ಪಟ್ಟಿ ಹಾಕಿಕೊಂಡು ಯಮನಪ್ಪನನ್ನು ನೋಡಲು ಹೋದೆ. ನಡೆದದ್ದೆಲ್ಲ ಅವನ ಕಿವಿಗೆ ಮುಟ್ಟಿತ್ತು.

"ಕೊಲ್ಲಾಕ ನೋಡ್ಯಾಳರಿ ನನ್ನ," ಎಂದ.

"ಕೊಲ್ಲಾಕಿ ಇದ್ದಿದ್ರ ಪುಡಿ ನನ್ನ ಕೈಯಾಗ ಕೊಡ್ತಿದ್ದಿಲ್ಲಪಾ. ಸುಮ್ನ ಕುಂತಿದ್ರ ಸಾಕಾಗಿತ್ತು," ಎಂದೆ.

ಅವನು ಗೋಡೆಯ ಕಡೆ ಹೊರಳಿದ. ಅವನು ಅತ್ತನೋ, ಸಿಟ್ಟು ನುಂಗಿದನೋ ನನಗೆ ಕಾಣಿಸಲಿಲ್ಲ.

ನಾವು ವರ್ಷಗಟ್ಟಲೆ ಆ ಶೆಡ್ಡುಗಳಲ್ಲಿ ಕುಡಿತದ ಬಗ್ಗೆ ಆರೋಗ್ಯ ಶಿಕ್ಷಣ ನೀಡಿದ್ದೆವು. ಊದಿಕೊಂಡ ಪಿತ್ತಜನಕಾಂಗದ ಚಿತ್ರ ತೋರಿಸುತ್ತಿದ್ದೆವು. ಹೆಂಗಸರು 'ಹೌದ್ರಿ, ಹೌದ್ರಿ' ಎಂದು ತಲೆ ಆಡಿಸುತ್ತಿದ್ದರು. ಸಮೀಕ್ಷೆಯ ಪ್ರಶ್ನೆಗಳೂ ಇದ್ದವು: ಗಂಡ ಕುಡಿಯುತ್ತಾನೆಯೇ, ವಾರಕ್ಕೆ ಎಷ್ಟು ಸಲ, ಅದರಿಂದ ಏನಾಗುತ್ತದೆಂದು ಗೊತ್ತೇ. 'ನೀವು ಮನೆಯಲ್ಲಿ ಅದಕ್ಕೆ ಏನು ಮಾಡುತ್ತಿದ್ದೀರಿ?' ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಇರಲಿಲ್ಲ. ಆಮೇಲಿನ ವಾರ ಚಿತ್ರಗಳನ್ನು ಬಿಟ್ಟು ಬರಿಗೈಯಲ್ಲಿ ಹೋದೆವು. ಗಂಡಸರು ಕೆಲಸಕ್ಕೆ ಹೋದ ಹೊತ್ತು. ನೆಲದ ಮೇಲೆ ಕೂತು ಆ ಒಂದೇ ಪ್ರಶ್ನೆ ಕೇಳಿದೆ. ಕೊನೆಗೆ ಒಬ್ಬಾಕೆ ಎದ್ದು ಒಲೆಯ ಮೇಲಿನ ಗೂಡಿನಿಂದ ಒಂದು ಪೊಟ್ಟಣ ತಂದು ನನ್ನ ಮುಂದೆ ಇಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು ಎಲ್ಲರೂ.

ನಾನು ಯಾರನ್ನೂ ಬೈಯಲಿಲ್ಲ. ಔಷಧಿ ಕೆಟ್ಟದ್ದಲ್ಲ, ಕದ್ದು ಕೊಡುವುದು ಕೆಟ್ಟದ್ದು ಎಂದೆ. ಗಂಡನನ್ನೇ ಕರೆತನ್ನಿ, ಅವನಿಗೆ ತಿಳಿಸಿಯೇ ಕೊಡೋಣ. ಬರಲು ಒಲ್ಲದಿದ್ದರೆ, ಹೊಡೆಯುತ್ತಿದ್ದರೆ, ನೀವು ಬನ್ನಿ ಎಂದೆ. ಆರೋಗ್ಯ ಶಿಕ್ಷಣವೆಂದರೆ ಖಾಲಿ ಕೊಡದಲ್ಲಿ ನೀರು ತುಂಬುವುದಲ್ಲ. ಕೊಡದಲ್ಲಿ ಆಗಲೇ ಏನಿದೆ ಎಂದು ಬಗ್ಗಿ ನೋಡುವುದು ಮೊದಲ ಕೆಲಸ. ಈ ಉದ್ಯೋಗ ನನಗೆ ಕಲಿಸಿದ್ದು ಇದನ್ನು.

ಹನಮಪ್ಪನ ಮೇಲೆ ಕೇಸಾಯಿತು. ಜಾರಿ ಬಿದ್ದು ಕೈ ಮುರಿಯಿತೆಂದು ಕೋರ್ಟಿನಲ್ಲಿ ಹೇಳು, ಮನೆಗೆ ಕರೆದುಕೊಳ್ಳುತ್ತೇವೆ ಎಂದು ಊರಿನ ಹಿರಿಯರು ರೇಣವ್ವನಿಗೆ ಹೇಳಿಕಳಿಸಿದರು. ಅಷ್ಟರಲ್ಲಿ ಅವಳು ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಹಿಡಿದು, ಜೊತೆಯ ಹೆಣ್ಣುಮಕ್ಕಳೊಂದಿಗೆ ಒಂದು ಕೋಣೆಯಲ್ಲಿದ್ದಳು. ಯಮನಪ್ಪ ಎರಡು ಸಲ ಕರೆಯಲು ಬಂದಿದ್ದನಂತೆ, ಕುಡಿದು ಬಂದಿರಲಿಲ್ಲ, ಆದರೂ ಅವಳು ಹೋಗಲಿಲ್ಲ.

ಸಾಕ್ಷಿ ಹೇಳುವ ದಿನ ನಾನೂ ಕೋರ್ಟಿನಲ್ಲಿದ್ದೆ. ಗುರುದಾಸನೂ ಬಂದಿದ್ದ. ರೇಣವ್ವ ಕಟಕಟೆಯಲ್ಲಿ ನಿಂತು, ಸರಿಯಾಗಿ ಕೂಡಿಕೊಳ್ಳದ ಆ ಕೈಯನ್ನೇ ಎತ್ತಿ ಹನಮಪ್ಪನ ಕಡೆ ತೋರಿಸಿ, "ಇವ್ರ ಹೊಡದಾರ್ರಿ," ಎಂದಳು. ಆಮೇಲೆ ಇಳಿದು, ಎರಡನೆಯ ಪಾಳಿಗೆ ಹೊತ್ತಾಯಿತೆಂದು ಬಸ್ ಹಿಡಿದು ಕೆಲಸಕ್ಕೆ ಹೋದಳು.